ದಪ್ಪ ಅಕ್ಷರದ ಇಕ್ಕಟ್ಟು

ಬಸವನಗುಡಿಯ ಗಾಂಧಿಬಜಾರಿನಲ್ಲಿ ತಲೆ ಎತ್ತಿ ನಡೆದರೆ ಒಂದು ಪೇಚಾಟ ಕಣ್ಣಿಗೆ ಬೀಳುತ್ತದೆ. ಅಂಗಡಿ ಕಿರಿದು, ಹೆಸರು ಉದ್ದ. ಹೆಸರು ಫಲಕದಲ್ಲಿ ಹಿಡಿಸಬೇಕು, ರಸ್ತೆಯಾಚೆ ನಿಂತವರಿಗೂ ಕಾಣಬೇಕು. ಉಳಿಯುವ ದಾರಿ ಒಂದೇ: ಅಕ್ಷರದ ಗೆರೆಯನ್ನು ದಪ್ಪ ಮಾಡಿ ಅಗಲವನ್ನು ಕುಗ್ಗಿಸುವುದು.

ಈ ಉಪಾಯ ಹಳೆಯದು. ರೋಮನ್ ಅಕ್ಷರಗಳ ತುದಿಯಲ್ಲಿರುವ ಸಣ್ಣ ಚಾಚುಗಳಿಗೆ ಸೆರಿಫ್ ಎಂದು ಹೆಸರು. ಅವಿಲ್ಲದ ಅಚ್ಚುಮೊಳೆಯನ್ನು ಲಂಡನ್ನಿನ ಕ್ಯಾಸ್ಲನ್ ಕಾರ್ಖಾನೆ 1816ರಲ್ಲಿ ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿತು. ಮುಂದೆ ನಾಟಕ, ಹರಾಜುಗಳ ಭಿತ್ತಿಪತ್ರಗಳಿಗೆ ದಪ್ಪನೆಯ, ಇಕ್ಕಟ್ಟಾದ ಅಕ್ಷರಗಳು ಬೇಕಾದವು. ದೊಡ್ಡ ಗಾತ್ರಕ್ಕೆ ಸೀಸ ಭಾರವಾದ್ದರಿಂದ ಮರದಲ್ಲೇ ಮೊಳೆ ಕೊರೆದರು. ಜೆಫ್ರಿ ಲೀ 1965ರಲ್ಲಿ ರೂಪಿಸಿದ 'ಇಂಪ್ಯಾಕ್ಟ್' ಇದೇ ವಂಶದ್ದು; ವಿಂಡೋಸ್ ಜೊತೆಗೆ ಅದು ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಸೇರಿತು.

ಕನ್ನಡಕ್ಕೆ ಇದು ಸುಲಭವಲ್ಲ. ನಮ್ಮ ಅಕ್ಷರಗಳು ದುಂಡಗಿನವು. ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತಕ್ಷರ. 'ಶಾಸ್ತ್ರ' ಎಂದು ಬರೆಯಲು ಒಂದರ ಕೆಳಗೊಂದು ಒತ್ತಿಗೆ ಜಾಗ ಬೇಕು. ಗೆರೆ ದಪ್ಪವಾದಂತೆ ಒಳಗಿನ ಬಯಲು ಮುಚ್ಚುತ್ತದೆ. ಮಹಾಪ್ರಾಣದ ಸೀಳು ಮುಚ್ಚಿತೆಂದರೆ 'ಧನ' ಹೋಗಿ 'ದನ' ಆಗುತ್ತದೆ!

1843ರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದಿತ್ತು. ಅಲ್ಲಿ ಕೈಬರಹವೇ ಅಚ್ಚಾಗುತ್ತಿದ್ದುದರಿಂದ ಅಕ್ಷರವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದಿತ್ತು. ಮೊಳೆ ಜೋಡಣೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಗುಣಿತಾಕ್ಷರ, ಒತ್ತು ಎಲ್ಲ ಸೇರಿ ಒಂದೊಂದು ಗಾತ್ರಕ್ಕೂ ನೂರಾರು ಮೊಳೆ ಬೇಕು. ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ (1916), ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಬಿ.ಎಂ.ಶ್ರೀ. ಅಚ್ಚುಕೂಟ ಇದ್ದ ಈ ಭಾಗದಲ್ಲಿ ಕಂಪೋಸಿಟರುಗಳ ಕೆಲಸ ಎಷ್ಟು ಸೂಕ್ಷ್ಮದ್ದೆಂದು ಇದರಿಂದಲೇ ಊಹಿಸಬಹುದು. ಹೀಗಾಗಿ ದೊಡ್ಡ ಶೀರ್ಷಿಕೆ, ಸಿನಿಮಾ ಹೆಸರುಗಳನ್ನು ಕಲಾವಿದರಿಂದ ಬರೆಸಿ ಬ್ಲಾಕ್ ಮಾಡಿಸುವ ಪದ್ಧತಿ ಬಂತು. ಫಲಕ ಬರೆಯುವವರೂ ಅಷ್ಟೆ. ಜಾಗ ಕಡಿಮೆಯಾದರೆ ಅವರು ಒತ್ತನ್ನು ಕಿರಿದು ಮಾಡಿ ಪಕ್ಕದ ಅಕ್ಷರದ ಕೆಳಗೆ ಸರಿಸುತ್ತಿದ್ದರು. ಸೀಳನ್ನು ಮಾತ್ರ ಮುಚ್ಚುತ್ತಿರಲಿಲ್ಲ.

ಕಂಪ್ಯೂಟರು ಬಂದ ಮೇಲೆ ಈ ವಿವೇಚನೆ ತಪ್ಪಿತು. ಸಾಮಾನ್ಯ ಅಕ್ಷರವನ್ನೇ ಎರಡೂ ಕಡೆಯಿಂದ ಅದುಮಿದರೆ ನೆಟ್ಟಗಿನ ಗೆರೆಗಳು ಸಣಕಲಾಗುತ್ತವೆ, ಅಡ್ಡಗೆರೆಗಳು ಮೊದಲಿನ ದಪ್ಪದಲ್ಲೇ ಉಳಿಯುತ್ತವೆ. ಅಕ್ಷರ ರೋಗಿಯಂತೆ ಕಾಣುತ್ತದೆ. ನಿಜವಾದ ಇಕ್ಕಟ್ಟು ಅಕ್ಷರವನ್ನು ಮೊದಲಿನಿಂದಲೇ ಹಾಗೆ ಬರೆಯಬೇಕು. 2022ರಲ್ಲಿ ಏಕ್ ಟೈಪ್ ಸಂಸ್ಥೆ ಹೊರತಂದ 'ಅನೇಕ್' ಇಂಥ ಪ್ರಯತ್ನ. ವೈಷ್ಣವಿ ಮೂರ್ತಿ ಅವರು ರೂಪಿಸಿದ ಅದರ ಕನ್ನಡ ಅಕ್ಷರಗಳಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಬಳಸಲು ಹಣ ಕೊಡಬೇಕಾಗಿಲ್ಲ.

2024ರಲ್ಲಿ ತಿದ್ದುಪಡಿಯಾದ ರಾಜ್ಯದ ಕಾನೂನು ಫಲಕದ ಶೇ 60 ಭಾಗ ಕನ್ನಡಕ್ಕೆ ಇರಬೇಕೆನ್ನುತ್ತದೆ. ಅಳತೆಪಟ್ಟಿ ಹಿಡಿದರೆ ಜಾಗ ಸಿಕ್ಕಿದೆಯೇ ಎಂದು ತಿಳಿಯುತ್ತದೆ. ಓದಲು ಬರುತ್ತದೆಯೇ ಎಂದು ತಿಳಿಯುವುದಿಲ್ಲ. ಮಲ್ಲೇಶ್ವರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಒಂದು ಫಲಕ ಕಾಣುವುದು ಎರಡು ಮೂರು ಕ್ಷಣ. ಅಷ್ಟರಲ್ಲಿ 'ಧ' ಯಾವುದು, 'ದ' ಯಾವುದು ಎಂದು ಅವರಿಗೆ ತಿಳಿಯಬೇಕು.