ಮೆಲ್ಬರ್ನ್ ಕಪ್: ಓಟಕ್ಕೆ ಮೊದಲಿನ ತಿಂಗಳುಗಳ ಇತಿಹಾಸ

ಮೆಲ್ಬರ್ನ್ ಕಪ್ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಫ್ಲೆಮಿಂಗ್ಟನ್ ರೇಸ್ ಕೋರ್ಸಿನಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಮಂಗಳವಾರ ನಡೆಯುವ ಅಂತರರಾಷ್ಟ್ರೀಯ ಕುದುರೆ ಪಂದ್ಯ. 1861ರಲ್ಲಿ ಎರಡು ಮೈಲಿಯ ಓಟವಾಗಿ ಆರಂಭವಾದ ಇದು 1972ರಿಂದ 3,200 ಮೀಟರ್ ದೂರದ್ದು. ಹೆಚ್ಚೆಂದರೆ 24 ಕುದುರೆಗಳು ಓಡುತ್ತವೆ. 1990ರಲ್ಲಿ ಕಿಂಗ್‌ಸ್ಟನ್ ರೂಲ್ ಎಂಬ ಕುದುರೆ ಈ ದೂರವನ್ನು 3 ನಿಮಿಷ 16.3 ಸೆಕೆಂಡಿನಲ್ಲಿ ಕ್ರಮಿಸಿ ದಾಖಲೆ ಮಾಡಿತು. ಇಷ್ಟು ಚಿಕ್ಕ ಓಟ ಒಂದು ಇಡೀ ದೇಶವನ್ನು ಒಂದೂವರೆ ಶತಮಾನದಿಂದ ಹಿಡಿದಿಟ್ಟಿದೆ. ಗೆದ್ದ ಕುದುರೆಗಳ ಪಟ್ಟಿಯನ್ನು ಎಷ್ಟು ತಿರುವಿದರೂ ಅದಕ್ಕೆ ಕಾರಣ ಸಿಗುವುದಿಲ್ಲ. ಕಾರಣ ಇರುವುದು ಓಟಕ್ಕೆ ಮೊದಲಿನ ತಿಂಗಳುಗಳಲ್ಲಿ, ಅಂದರೆ ಹೆಸರು ನೋಂದಣಿ, ಭಾರದ ಪ್ರಕಟಣೆ, ಪ್ರಯಾಣ, ಕ್ವಾರಂಟೈನ್, ಗೇಟಿನ ಡ್ರಾ ಎಂಬ ಸಾಲು ಘಟ್ಟಗಳಲ್ಲಿ. ಕಪ್ಪನ್ನು ದೊಡ್ಡದು ಮಾಡಿದ್ದು ಈ ಕಾಯುವಿಕೆ. ಅದರ ದೊಡ್ಡ ಬಿಕ್ಕಟ್ಟುಗಳು ಹುಟ್ಟಿದ್ದೂ ಬಹುಮಟ್ಟಿಗೆ ಅಲ್ಲಿಯೇ.

ಈ ಕಾಯುವಿಕೆಯ ಬೇರು ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿದೆ. ಬೆಂಗಳೂರು, ಮೈಸೂರುಗಳ ರೇಸುಗಳಲ್ಲೂ ಇದು ಬಳಕೆಯಲ್ಲಿರುವುದರಿಂದ ನಮ್ಮ ರೇಸ್ ಬಲ್ಲವರಿಗೆ ಹೊಸದೇನಲ್ಲ. ಇಂಗ್ಲೆಂಡಿನ ಡರ್ಬಿಯಂಥ ಪಂದ್ಯದಲ್ಲಿ ಒಂದೇ ವಯಸ್ಸಿನ ಕುದುರೆಗಳು ನಿಗದಿಯಾದ ಒಂದೇ ಭಾರ ಹೊತ್ತು ಓಡುತ್ತವೆ; ಹೆಣ್ಣು ಕುದುರೆಗೆ ಸ್ವಲ್ಪ ರಿಯಾಯಿತಿ ಅಷ್ಟೆ. ಅಲ್ಲಿ ಯಾವುದು ಶ್ರೇಷ್ಠ ಎಂಬುದೇ ಪ್ರಶ್ನೆ. ಹ್ಯಾಂಡಿಕ್ಯಾಪ್‌ನಲ್ಲಿ ಹಿಂದೆ ಗೆದ್ದ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ. ಎಲ್ಲವೂ ಗೆರೆಯನ್ನು ಒಟ್ಟಿಗೇ ದಾಟಬೇಕೆಂಬುದು ಭಾರ ನಿಗದಿ ಮಾಡುವವರ ಆದರ್ಶ. ಈಗಿನ ಕ್ರಮದಲ್ಲಿ ಈ ಭಾರಗಳ ಪಟ್ಟಿ ಸೆಪ್ಟೆಂಬರ್‌ನಲ್ಲೇ ಹೊರಬೀಳುತ್ತದೆ. ಅಂದಿನಿಂದ ಎರಡು ತಿಂಗಳು ಲಾಯಗಳಲ್ಲಿ, ಪತ್ರಿಕೆಗಳಲ್ಲಿ, ಹೋಟೆಲುಗಳಲ್ಲಿ ಅದರದೇ ಚರ್ಚೆ. ಆ ಮುದಿ ಕುದುರೆಗೆ ಅರ್ಧ ಕಿಲೋ ಜಾಸ್ತಿಯಾಯಿತೇ? ಇನ್ನೊಂದಕ್ಕೆ ಹಗುರವಾಗಿ ಬಿಟ್ಟುಕೊಟ್ಟರೇ? ಅಕ್ಟೋಬರ್‌ನ ಕಾಲ್‌ಫೀಲ್ಡ್ ಕಪ್, ಕಾಕ್ಸ್ ಪ್ಲೇಟ್ ಪಂದ್ಯಗಳು ಆ ವಾದಕ್ಕೆ ಹೊಸ ಸಾಕ್ಷ್ಯ ಒದಗಿಸುತ್ತವೆ. ಶ್ರೇಷ್ಠ ಕುದುರೆ ಯಾವುದೆಂಬುದನ್ನು ಬಲ್ಲವರು ಮಾತ್ರ ಹೇಳಬಹುದು. ಹೊತ್ತ ಭಾರ ನ್ಯಾಯವೇ ಅನ್ಯಾಯವೇ ಎಂದು ವಾದಿಸಲು ಯಾರಿಗೂ ಅಡ್ಡಿಯಿಲ್ಲ. ಕುದುರೆಯ ಮೈ ಮುಟ್ಟಿ ನೋಡದವರೂ ಕಪ್ಪಿನ ಚರ್ಚೆಗೆ ಇಳಿಯುವುದು ಇದರಿಂದಲೇ.

ಮೊದಲ ಕಪ್ಪಿನ ಸುತ್ತ ಹುಟ್ಟಿದ ದಂತಕಥೆಯೂ ಓಟದ್ದಲ್ಲ, ಸಿದ್ಧತೆಯದು. 1861ರ ನವೆಂಬರ್ 7ರಂದು 17 ಕುದುರೆಗಳ ನಡುವೆ ಗೆದ್ದದ್ದು ಆರ್ಚರ್; ಅದನ್ನು ತಯಾರು ಮಾಡಿದವರು ನ್ಯೂ ಸೌತ್ ವೇಲ್ಸ್‌ನ ಎಟಿಯೆನ್ ಡಿ ಮೆಸ್ಟ್ರ್. ಪಂದ್ಯಕ್ಕಾಗಿ ಆ ಕುದುರೆ ನೌರಾ ಊರಿನಿಂದ ಮೆಲ್ಬರ್ನ್‌ಗೆ 800 ಕಿಲೋಮೀಟರಿಗೂ ಹೆಚ್ಚು ದೂರ ನಡೆದೇ ಬಂತು ಎಂಬ ಕತೆ ತಲೆಮಾರುಗಳವರೆಗೆ ಉಳಿಯಿತು. ನಿಜದಲ್ಲಿ ಅದು ಬಂದದ್ದು ಸಿಡ್ನಿಯಿಂದ ಹೊರಟ ಹಬೆ ಹಡಗಿನಲ್ಲಿ. ಸುಳ್ಳು ಕತೆಗೆ ಇಷ್ಟು ಆಯುಸ್ಸು ಬಂದದ್ದೇಕೆ ಎಂದು ಕೇಳಬೇಕು. ಗೆಲುವು ಮೂರು ನಿಮಿಷಗಳದ್ದಲ್ಲ, ಅದರ ಹಿಂದೆ ದೀರ್ಘ ಶ್ರಮವಿದೆ ಎಂದು ಜನ ಅಂದೇ ನಂಬಲು ಬಯಸಿದ್ದರು ಎಂದೇ ತೋರುತ್ತದೆ. 1862ರಲ್ಲಿ ಇನ್ನಷ್ಟು ಭಾರ ಹೊತ್ತೂ ಆರ್ಚರ್ ಮತ್ತೆ ಗೆದ್ದಿತು. 1863ರಲ್ಲಿ ಸೋತದ್ದು ಕುದುರೆಯಲ್ಲ, ಕಾಗದಪತ್ರ. ಕುದುರೆ ಓಡುತ್ತದೆ ಎಂದು ಒಪ್ಪಿಗೆ ತಿಳಿಸಿ ಡಿ ಮೆಸ್ಟ್ರ್ ಕಳಿಸಿದ ತಂತಿ, ಮೆಲ್ಬರ್ನ್‌ನಲ್ಲಿ ಅಂದು ಸಾರ್ವಜನಿಕ ರಜೆ ಇದ್ದುದರಿಂದ, ಗಡುವು ಮೀರಿ ತಲುಪಿತು. ಸಂಘಟಕರು ಆರ್ಚರನ್ನು ಒಳಗೆ ಬಿಡಲಿಲ್ಲ. ಪ್ರತಿಭಟಿಸಿ ಇತರ ಮಾಲೀಕರೂ ತಮ್ಮ ಕುದುರೆಗಳನ್ನು ಹಿಂತೆಗೆದರು. ಉಳಿದದ್ದು ಏಳೇ ಕುದುರೆ. ಕಪ್ಪಿನ ಇತಿಹಾಸದಲ್ಲೇ ಅತಿ ಸಣ್ಣ ಓಟ. ಮರುವರ್ಷ ಮೆಲ್ಬರ್ನ್‌ನಲ್ಲಿ ರೇಸ್ ನಡೆಸುತ್ತಿದ್ದ ಎರಡು ಪ್ರತಿಸ್ಪರ್ಧಿ ಕ್ಲಬ್ಬುಗಳ ಜಾಗದಲ್ಲಿ ವಿಕ್ಟೋರಿಯ ರೇಸಿಂಗ್ ಕ್ಲಬ್ ಬಂತು.

ಹೊಸ ಕ್ಲಬ್ಬಿನ ಕೈಯಲ್ಲಿ ಕಾಯುವಿಕೆಗೆ ಒಂದು ಪಂಚಾಂಗ ಸಿಕ್ಕಿತು. 1875ರಿಂದ ಪಂದ್ಯ ನವೆಂಬರ್‌ನ ಮೊದಲ ಮಂಗಳವಾರಕ್ಕೆ ನಿಂತಿತು. ಅದರ ಬೆನ್ನಿಗೇ ಆ ದಿನ ಊರಿಗೆ ಸಾರ್ವಜನಿಕ ರಜೆಯೂ ಆಯಿತು. ಮೊದಲ ಕಪ್ ನಡೆದ ವರ್ಷವೇ ರೇಸ್ ಕೋರ್ಸಿನವರೆಗೆ ರೈಲು ದಾರಿ ಬಂದಿದ್ದರಿಂದ ಜನ ಸೇರುವುದು ಕಷ್ಟವಾಗಲಿಲ್ಲ. 1895ರಲ್ಲಿ ಆಸ್ಟ್ರೇಲಿಯಕ್ಕೆ ಬಂದಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ತನ್ನ ಪ್ರವಾಸ ಕಥನದಲ್ಲಿ ಕಪ್ಪಿನ ದಿನವನ್ನು ಬಣ್ಣಿಸುವಾಗ, ಹೆಂಗಸರು ಬಹಳ ಮೊದಲೇ ಹೊಲಿಯಲು ಹೇಳಿ ಆ ದಿನದವರೆಗೂ ಬಚ್ಚಿಟ್ಟ ಉಡುಪುಗಳ ಮಾತು ಬರುತ್ತದೆ. ಇಂದಿಗೂ ಫ್ಲೆಮಿಂಗ್ಟನ್‌ನ ಸಾವಿರಾರು ಗುಲಾಬಿ ಗಿಡಗಳನ್ನು ಚಳಿಗಾಲದಲ್ಲಿ ಸವರುವಾಗಲೇ ತೋಟಗಾರರು ನವೆಂಬರ್‌ನ ಆ ವಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇದೆಲ್ಲ ಜೂಜಿನ ಮಹಿಮೆ, ಕಾಯುವಿಕೆ ಅದರ ನೆರಳು ಮಾತ್ರ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಹುರುಳೂ ಇದೆ. ಅದಕ್ಕೆ ಅತಿ ಗಟ್ಟಿ ಸಾಕ್ಷಿ 1930. ಆ ವರ್ಷ ಬಹಳ ಮಂದಿ ಅಮೌನಿಸ್ ಎಂಬ ಕುದುರೆ ಕಾಲ್‌ಫೀಲ್ಡ್ ಕಪ್ಪನ್ನೂ ಫಾರ್ ಲ್ಯಾಪ್ ಎಂಬ ಕುದುರೆ ಮೆಲ್ಬರ್ನ್ ಕಪ್ಪನ್ನೂ ಗೆಲ್ಲುತ್ತದೆ ಎಂದು ಮೊದಲೇ ಜೋಡಿ ಬಾಜಿ ಕಟ್ಟಿದ್ದರು. ಅಮೌನಿಸ್ ಗೆದ್ದೇಬಿಟ್ಟಾಗ ಬುಕ್ಕಿಗಳ ಎದುರು ಭಾರೀ ನಷ್ಟ ಬಾಯ್ದೆರೆದು ನಿಂತಿತು. ನವೆಂಬರ್ 1ರ ಶನಿವಾರ ಬೆಳಗಿನ ಕಸರತ್ತು ಮುಗಿಸಿ ಮರಳುತ್ತಿದ್ದ ಫಾರ್ ಲ್ಯಾಪ್ ಮೇಲೆ ಕಾರಿನಿಂದ ಗುಂಡು ಹಾರಿತು. ಕುದುರೆಯ ಆರೈಕೆ ನೋಡುತ್ತಿದ್ದ ಟಾಮಿ ವುಡ್‌ಕಾಕ್ ಅದಕ್ಕೆ ತನ್ನ ಮೈಯನ್ನೇ ಅಡ್ಡ ಹಿಡಿದರು, ಗುಂಡು ತಗಲಲಿಲ್ಲ. ಅದೇ ಮಧ್ಯಾಹ್ನ ಅದು ಮತ್ತೊಂದು ಪಂದ್ಯ ಗೆದ್ದಿತು. ಆಮೇಲೆ ಅದನ್ನು ಜೀಲಾಂಗ್ ಊರಿನ ಬಳಿಯ ಸೇಂಟ್ ಆಲ್ಬನ್ಸ್ ಸ್ಟಡ್ ಫಾರ್ಮಿನಲ್ಲಿ ಅಡಗಿಸಿಟ್ಟು, ಮಂಗಳವಾರ ಪಂದ್ಯಕ್ಕೆ ಕರೆತಂದರು. ಜಿಮ್ ಪೈಕ್ ಸವಾರಿಯಲ್ಲಿ 9 ಸ್ಟೋನ್ 12 ಪೌಂಡ್, ಅಂದರೆ ಸುಮಾರು 62.5 ಕಿಲೋ ಹೊತ್ತು ಅದು ಸಲೀಸಾಗಿ ಗೆದ್ದಿತು. ಹಣ ಇಲ್ಲದಿದ್ದರೆ ಆ ಗುಂಡು ಹಾರುತ್ತಿರಲಿಲ್ಲ, ನಿಜ. ಆದರೆ ಬಾಜಿ ಎಲ್ಲ ರೇಸಿಗೂ ಇದೆ. ತಿಂಗಳುಗಟ್ಟಲೆ ಮೊದಲೇ ಎರಡು ಪಂದ್ಯಗಳನ್ನು ಒಂದೇ ಬಾಜಿಗೆ ಕಟ್ಟುವುದು ಸಾಧ್ಯವಾದದ್ದು ಭಾರ, ನೋಂದಣಿ, ದಿನಾಂಕಗಳು ಮೊದಲೇ ಊರಿಗೆಲ್ಲ ತಿಳಿದಿದ್ದರಿಂದ. ಇಲ್ಲಿ ಜೂಜು ಬೆಳೆದದ್ದು ಕಾಯುವಿಕೆಯ ಹೊಲದಲ್ಲಿ. ಮರುವರ್ಷ ಫಾರ್ ಲ್ಯಾಪ್‌ಗೆ 68 ಕಿಲೋ ಹೊರಿಸಿದರು; ಅದು ಎಂಟನೆಯದಾಗಿ ಬಂತು. ಬಂದೂಕಿಗೆ ಆಗದ್ದು ಭಾರದ ಪಟ್ಟಿಗೆ ಆಯಿತು.

ಕುದುರೆಯನ್ನು ಹೇಗೆ ತಯಾರು ಮಾಡಬೇಕು ಎಂಬ ಪ್ರಶ್ನೆಯಲ್ಲಿ ಕಪ್ಪಿನ ಇತಿಹಾಸದ ಅತ್ಯಂತ ರಸವತ್ತಾದ ವಾದವಿದೆ. 1965ರಿಂದ 2008ರವರೆಗೆ 12 ಬಾರಿ ಕಪ್ ಗೆದ್ದ ತರಬೇತುದಾರ ಬಾರ್ಟ್ ಕಮಿಂಗ್ಸ್ ಅವರ ಸೂತ್ರ ಪ್ರಸಿದ್ಧವಾದದ್ದು: ಕಪ್ಪಿಗೆ ಇಳಿಯುವ ಮೊದಲು ಆ ಋತುವಿನಲ್ಲಿ ಕುದುರೆ ಬೇರೆ ಪಂದ್ಯಗಳಲ್ಲಿ ಒಟ್ಟು 10,000 ಮೀಟರ್ ಓಡಿರಬೇಕು. ಈ ಪ್ರಕಾರ ಹೊರದೇಶದಿಂದ ವಿಮಾನದಲ್ಲಿ ಬಂದಿಳಿದ ಕುದುರೆಗೆ ಇಲ್ಲಿ ಭವಿಷ್ಯವಿಲ್ಲ. ಆದರೆ 1993ರಲ್ಲಿ ತರಬೇತುದಾರ ಡರ್ಮಟ್ ವೆಲ್ಡ್ ಐರ್ಲೆಂಡಿನಿಂದ ತಂದ ವಿಂಟೇಜ್ ಕ್ರಾಪ್ ಆಸ್ಟ್ರೇಲಿಯದಲ್ಲಿ ಒಂದು ಪಂದ್ಯವನ್ನೂ ಓಡದೆ, ಮಳೆಯಲ್ಲಿ ನೆನೆದ ನೆಲದ ಮೇಲೆ ಕಪ್ ಗೆದ್ದಿತು. ಉತ್ತರ ಗೋಳಾರ್ಧದಲ್ಲಿ ತರಬೇತಾದ ಕುದುರೆಯ ಮೊದಲ ಗೆಲುವು ಅದು. ಕಮಿಂಗ್ಸ್ ಸೂತ್ರ ಸುಳ್ಳಾಯಿತು ಎಂದು ಹಲವರು ಬರೆದರು. ಅದು ಅವಸರದ ತೀರ್ಪು. ವಿಂಟೇಜ್ ಕ್ರಾಪ್ ಸೆಪ್ಟೆಂಬರ್‌ನಲ್ಲೇ ಐರಿಶ್ ಸೇಂಟ್ ಲೆಜರ್ ಪಂದ್ಯ ಗೆದ್ದು ಬಂದಿತ್ತು. ಕಾಲಿಗೆ ಬೇಕಾದ ಓಟ ಅದಕ್ಕೆ ತನ್ನ ನಾಡಿನಲ್ಲೇ ದಕ್ಕಿತ್ತು. ಸಿದ್ಧತೆ ಮುಂಚಿನಷ್ಟೇ ಬೇಕಾಗಿತ್ತು, ಅದರ ಬಹುಭಾಗ ಸಮುದ್ರದಾಚೆಗೆ ಸರಿದಿತ್ತು ಅಷ್ಟೆ. 2006ರಲ್ಲಿ ಜಪಾನಿನ ಡೆಲ್ಟಾ ಬ್ಲೂಸ್ ಮತ್ತು ಪಾಪ್ ರಾಕ್ ಮೊದಲೆರಡು ಸ್ಥಾನ ಹಿಡಿದಾಗ ಇದರಲ್ಲಿ ಅನುಮಾನವೇ ಉಳಿಯಲಿಲ್ಲ.

ಹೊರಗಿನ ಕುದುರೆಗಳೊಡನೆ ಸಿದ್ಧತೆಗೆ ಹೊಸ ಅಪಾಯವೂ ಬಂತು. ಹೊರದೇಶದಿಂದ ಬಂದ ಕುದುರೆ ಎರಡು ವಾರ ಕ್ವಾರಂಟೈನ್‌ನಲ್ಲಿ ಇರಬೇಕು. ಈಗ ಅದಕ್ಕೆ ಮೆಲ್ಬರ್ನ್ ಬಳಿಯ ವೆರಿಬೀಯಲ್ಲಿ ಪ್ರತ್ಯೇಕ ಕೇಂದ್ರವಿದೆ, ಅಲ್ಲೇ ಓಡಿಸುವ ದಾರಿಯೂ ಇದೆ. 2007ರ ಆಗಸ್ಟ್‌ನಲ್ಲಿ ಸಿಡ್ನಿಯ ಕ್ವಾರಂಟೈನ್ ನಿಲ್ದಾಣದ ಲೋಪದಿಂದ ಕುದುರೆಗಳ ಫ್ಲೂ ಜ್ವರ ಹೊರಗೆ ಹರಡಿತು. ಕುದುರೆಗಳ ಓಡಾಟಕ್ಕೆ ನಿಷೇಧ ಬಿದ್ದು ಸಿಡ್ನಿಯ ಲಾಯಗಳು ಕಪ್ಪಿನಿಂದ ಹೊರಗುಳಿದವು. ಇದಕ್ಕೆ ವಿರುದ್ಧವಾದ ಪರೀಕ್ಷೆ 2020ರಲ್ಲಿ ನಡೆಯಿತು. ಕೋವಿಡ್ ಕಾರಣದಿಂದ ಪ್ರೇಕ್ಷಕರಿಗೆ ಬಾಗಿಲು ಮುಚ್ಚಿತ್ತು. ಆದರೆ ಭಾರದ ಪಟ್ಟಿ, ಕ್ವಾರಂಟೈನ್, ಡ್ರಾ ಎಲ್ಲವೂ ಕ್ರಮವಾಗಿ ನಡೆದಿದ್ದವು. ರಜೆಯ ಗದ್ದಲವೇ ಕಪ್ಪಿನ ಜೀವ ಎನ್ನುವವರು ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಜನರಿಲ್ಲದೆಯೂ ಪಂದ್ಯದ ಅಂತರರಾಷ್ಟ್ರೀಯ ರೂಪ ಉಳಿಯಿತು, ಗೆದ್ದದ್ದು ಐರ್ಲೆಂಡಿನ ಟ್ವೈಲೈಟ್ ಪೇಮೆಂಟ್. ಸಿದ್ಧತೆ ಕೆಟ್ಟ ವರ್ಷ ಮೈದಾನ ತುಂಬಿದ್ದರೂ ಓಟ ಬಡವಾಗಿತ್ತು.

ಯಾವ ಕುದುರೆ ಯಾವ ಗೇಟಿನಿಂದ ಹೊರಡಬೇಕೆಂದು ನಿರ್ಧರಿಸುವ ಗೇಟಿನ ಡ್ರಾ ಕೊನೆಯ ಘಟ್ಟ; ಅದು ಪಂದ್ಯಕ್ಕೆ ಮೊದಲಿನ ಶನಿವಾರ ಸಂಜೆ ನಡೆಯುತ್ತದೆ. 2015ರಲ್ಲಿ ಪ್ರಿನ್ಸ್ ಆಫ್ ಪೆನ್ಜಾನ್ಸ್ ಕುದುರೆಯ ಲಾಯದ ಆಳಾಗಿದ್ದ ಸ್ಟೀವಿ ಪೇನ್ ಒಂದನೇ ಗೇಟಿನ ಸಂಖ್ಯೆಯನ್ನು ಎತ್ತಿದರು. ಡೌನ್ ಸಿಂಡ್ರೋಮ್ ಇರುವ ಈತ ಜಾಕಿ ಮಿಷೆಲ್ ಪೇನ್ ಅವರ ಅಣ್ಣ. ಒಂದಕ್ಕೆ ನೂರು ಬೆಲೆಯ ಆ ಕುದುರೆಯ ಮೇಲೆ ಮಿಷೆಲ್ ಕಪ್ ಗೆದ್ದ ಮೊದಲ ಮಹಿಳಾ ಜಾಕಿಯಾದರು. ಒಳಬದಿಯ ಗೇಟು ಸಿಕ್ಕಿದ್ದಕ್ಕೇ ಗೆದ್ದರು ಎಂದರೆ ಸವಾರಿಗೆ ಅನ್ಯಾಯವಾದೀತು. ದೂರ ಉಳಿಸಿದ್ದಂತೂ ಹೌದು.

ಇಷ್ಟಾದರೂ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಉಳಿದಿದೆ: ಈ ಸಿದ್ಧತೆಯೆಲ್ಲ ಮನುಷ್ಯರ ಸಂಭ್ರಮಕ್ಕೆ, ಬೆಲೆ ತೆರುವುದು ಕುದುರೆ. 2014ರಲ್ಲಿ ಜಪಾನಿನ ಅಡ್ಮೈರ್ ರಕ್ತಿ ಕೊನೆಯದಾಗಿ ಗೆರೆ ದಾಟಿ, ಲಾಯಕ್ಕೆ ಮರಳುತ್ತಲೇ ಸತ್ತಿತು. ಅದೇ ದಿನ ಬಾವುಟ ಕಂಡು ಬೆದರಿದ ಅರಾಲ್ಡೋ ಕಾಲು ಮುರಿದುಕೊಂಡಿತು, ಅದನ್ನು ದಯಾಮರಣಕ್ಕೆ ಒಪ್ಪಿಸಬೇಕಾಯಿತು. ಇಂಗ್ಲಿಷ್ ಡರ್ಬಿ ಗೆದ್ದಿದ್ದ ಆಂಥೋನಿ ವ್ಯಾನ್ ಡೈಕ್ 2020ರಲ್ಲಿ ಓಟದ ನಡುವೆಯೇ ಮೂಳೆ ಮುರಿದು ಬಲಿಯಾಯಿತು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. 2021ರಿಂದ ಜಾರಿಯಾದ ನಿಯಮಗಳು ಹೊರದೇಶದ ಕುದುರೆಗಳ ಸಂಖ್ಯೆಗೆ ಮಿತಿ ಹಾಕಿದವು. ಹೊರಡುವ ಮೊದಲೂ ಓಡುವ ಮೊದಲೂ ಅವುಗಳ ಕಾಲುಗಳ ಸ್ಕ್ಯಾನ್ ಕಡ್ಡಾಯವಾಯಿತು. ಕುದುರೆಯನ್ನು ಓಟಕ್ಕೆ ತರುವ ಸಿದ್ಧತೆಯೊಳಗೆ ಅದನ್ನು ಓಟದಿಂದ ತಡೆಯುವ ಘಟ್ಟವೊಂದು ಸೇರಿತು. ಇದರಿಂದ ವಿದೇಶಿ ತರಬೇತುದಾರರಲ್ಲಿ ಅಸಮಾಧಾನ ಮೂಡಿದ್ದು ಸುಳ್ಳಲ್ಲ. 2024ರಲ್ಲಿ ತರಬೇತುದಾರ ಏಡನ್ ಒ'ಬ್ರಿಯನ್ ಅವರ ಯಾನ್ ಬ್ರೂಗಲ್ ಎಂಬ ಸೋಲರಿಯದ ಕುದುರೆಯನ್ನು, ಸ್ಕ್ಯಾನ್ ನೋಡಿದ ಪಶುವೈದ್ಯರು ಕಪ್ಪಿಗೆ ಬೇಡವೆಂದರು. ಒ'ಬ್ರಿಯನ್ ಬಹಿರಂಗವಾಗಿ ವಿರೋಧಿಸಿದರು. 2025ರ ಜೂನ್‌ನಲ್ಲಿ ಅದೇ ಕುದುರೆ ಎಪ್ಸಮ್‌ನಲ್ಲಿ ಕೊರೊನೇಷನ್ ಕಪ್ ಗೆದ್ದಾಗ ವೈದ್ಯರ ತೀರ್ಪು ತಪ್ಪೆಂದು ಸಾಬೀತಾಯಿತು ಎಂಬ ಮಾತು ಬರುವುದು ಸಹಜ. ಆದರೆ ಏಳು ತಿಂಗಳ ನಂತರ ಇನ್ನೊಂದು ಮೈದಾನದಲ್ಲಿ 2,400 ಮೀಟರ್ ಓಡಿ ಗೆದ್ದದ್ದು, ಅಂದು ಫ್ಲೆಮಿಂಗ್ಟನ್‌ನ 3,200 ಮೀಟರ್‌ಗೆ ಆ ಕಾಲು ತಾಳುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರವಲ್ಲ. ವೈದ್ಯರು ಹೇಳಿದ್ದು ಅಪಾಯ ಇದೆ ಎಂದು, ಮೂಳೆ ಮುರಿದೇ ತೀರುತ್ತದೆ ಎಂದಲ್ಲ.