ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಿಮಾನ ದೂರ, ಪ್ರಯಾಣದ ಅವಧಿ ಮತ್ತು ರಾತ್ರಿಭೋಜನ ತ್ಯಾಗಿಗಳಿಗೆ ಮಾಹಿತಿ

ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಗಳಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಮಕ್ಕಳನ್ನು ನೋಡಲು ಹೊರಡುವ ಜೈನ ಹಿರಿಯರಿಗೆ ಟಿಕೆಟ್ಟಿಗಿಂತ ದೊಡ್ಡ ಚಿಂತೆ ಊಟದ ವೇಳೆಯದು. ಗಡಿಯಾರದ ಬದಲು ಸೂರ್ಯನನ್ನು ಲೆಕ್ಕಕ್ಕೆ ಹಿಡಿದರೆ ನಿಯಮ ಪಾಲಿಸುವುದು ಕಷ್ಟವಲ್ಲ.

ದೂರ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಾಯುಮಾರ್ಗದ ದೂರ ಸುಮಾರು 14,000 ಕಿ.ಮೀ. ಗಾಳಿ ಮತ್ತು ವಾಯುಪ್ರದೇಶದ ನಿರ್ಬಂಧಗಳಿಂದಾಗಿ ವಿಮಾನ ಹಾರುವ ದಾರಿ ಇದಕ್ಕಿಂತ ಹೆಚ್ಚು. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಮಾರ್ಗದಲ್ಲಿ ನೇರ ವಿಮಾನ ಆರಂಭಿಸಿತು. ಮೊದಲ ಹಾರಾಟ ನಡೆಸಿದವರು ನಾಲ್ವರು ಮಹಿಳಾ ಪೈಲಟ್‌ಗಳು. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ನೇರ ವಿಮಾನ ಇದೆಯೇ ಎಂದು ವಿಚಾರಿಸಿಯೇ ಯೋಜನೆ ಮಾಡಬೇಕು.

ಅವಧಿ

ನೇರ ವಿಮಾನಕ್ಕೆ ಹೋಗುವಾಗ ಸುಮಾರು 16 ಗಂಟೆ. ಬರುವಾಗ ಎದುರುಗಾಳಿಯಿಂದ ಇನ್ನೂ ಹೆಚ್ಚು. ನಡುವೆ ವಿಮಾನ ಬದಲಿಸಿದರೆ ಸಾಮಾನ್ಯವಾಗಿ 20 ಗಂಟೆ ದಾಟುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ನಗರ ದಾಟಿ 50 ಕಿ.ಮೀ.ಗೂ ಹೆಚ್ಚು ದಾರಿ. ಸಂಚಾರ ದಟ್ಟಣೆಯಲ್ಲಿ ಎರಡು ಗಂಟೆಗೂ ಮೀರಬಹುದು. ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಹೀಗೆ ಮನೆಯಿಂದ ಮನೆಗೆ ನೇರ ವಿಮಾನದಲ್ಲೂ ಸುಮಾರು 24 ಗಂಟೆ.

ಒಂದೇ ತಾರೀಖು, ಎರಡು ಸೂರ್ಯಾಸ್ತ

ಸ್ಯಾನ್ ಫ್ರಾನ್ಸಿಸ್ಕೊ ಸಮಯ ನಮಗಿಂತ ಬೇಸಿಗೆಯಲ್ಲಿ 12.30 ಗಂಟೆ, ಚಳಿಗಾಲದಲ್ಲಿ 13.30 ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಇಳಿಯುವುದು ಅದೇ ತಾರೀಖಿನ ಸಂಜೆ 5.30 ಅಥವಾ 4.30ಕ್ಕೆ. ನಡುವೆ ವಿಮಾನದಲ್ಲೇ ಒಂದು ರಾತ್ರಿ ಕಳೆದಿರುತ್ತದೆ.

ಡಿಸೆಂಬರ್‌ನಲ್ಲಿ ಪೂರ್ವಕ್ಕೆ ಸಾಗುವ ವಿಮಾನದಲ್ಲಿ ಬೆಂಗಳೂರಿಗಿಂತ ಬೇಗ ಕತ್ತಲಾಗುತ್ತದೆ. ಆದ್ದರಿಂದ ನಿಲ್ದಾಣದಲ್ಲೇ ಊಟ ಮುಗಿಸುವುದು, ಇಲ್ಲವೇ ಮೊದಲ ಊಟವನ್ನು ತಡಮಾಡದೆ ಕೇಳುವುದು ಒಳ್ಳೆಯದು. ಆ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಜೆ 5ರ ಮೊದಲೇ ಸೂರ್ಯಾಸ್ತ. ವಲಸೆ ತಪಾಸಣೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಇಳಿಯುವ ಮೊದಲೇ ಊಟ, ನೀರು ಮುಗಿಸಬೇಕು. ಜೂನ್‌ನಲ್ಲಾದರೆ ಅಲ್ಲಿ ರಾತ್ರಿ 8.30ರವರೆಗೆ ಬೆಳಕಿರುತ್ತದೆ, ಮನೆಗೆ ಹೋಗಿ ಊಟ ಮಾಡಬಹುದು.

ಬರುವಾಗ ಲೆಕ್ಕ ತಿರುಗುಮುರುಗು. ರಾತ್ರಿ 9ಕ್ಕೆ ಹೊರಟರೆ ಬೆಂಗಳೂರು ತಲುಪುವುದು ಮೂರನೆಯ ತಾರೀಖಿನ ಬೆಳಗಿನ ಜಾವ. ಅಷ್ಟಮಿ, ಚತುರ್ದಶಿ ಉಪವಾಸ ಮಾಡುವವರು ಹೊರಡುವ ದಿನವನ್ನು ನೋಡಿ ಆರಿಸಿಕೊಳ್ಳುವುದು, ಸಂದೇಹವಿದ್ದರೆ ಗುರುಗಳನ್ನು ಕೇಳುವುದು ಉತ್ತಮ.

ಆಹಾರ, ನೀರು

• ಟಿಕೆಟ್ ಮಾಡುವಾಗಲೇ ‘ಜೈನ್ ಮೀಲ್’ (ವಿಜೆಎಂಎಲ್) ಎಂದು ಹೇಳಿ. ಕನಿಷ್ಠ 24 ಗಂಟೆ ಮೊದಲು ಖಚಿತಪಡಿಸಿಕೊಳ್ಳಿ. ಬರಿಯ ‘ವೆಜ್’ ಊಟದಲ್ಲಿ ಈರುಳ್ಳಿ, ಆಲೂಗಡ್ಡೆ ಇರಬಹುದು.
• ವಿಮಾನ ಬದಲಿಸುವುದಿದ್ದರೆ ಎರಡೂ ವಿಮಾನಗಳಿಗೆ ಬೇರೆಬೇರೆಯಾಗಿ ವಿಚಾರಿಸಿ.
• ಭದ್ರತಾ ತಪಾಸಣೆಯಲ್ಲಿ ನೀರು ಬಿಡುವುದಿಲ್ಲ. ಖಾಲಿ ಫ್ಲಾಸ್ಕ್ ಒಯ್ದು ಒಳಗೆ ಬಿಸಿನೀರು ತುಂಬಿಸಿಕೊಳ್ಳಿ.
• ಚಪಾತಿ, ಅವಲಕ್ಕಿ ಜೊತೆಗಿರಲಿ. ತಾಜಾ ಹಣ್ಣುಗಳನ್ನು ಇಳಿಯುವ ಮೊದಲೇ ಮುಗಿಸಿ. ಉಳಿದ ಆಹಾರವನ್ನು ಅಮೆರಿಕದ ಕಸ್ಟಮ್ಸ್‌ನಲ್ಲಿ ಕಡ್ಡಾಯವಾಗಿ ಘೋಷಿಸಬೇಕು.

ದರ್ಶನ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಮಿಲ್ಪಿಟಾಸ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಜೈನ ಕೇಂದ್ರದ ಜಿನಮಂದಿರವಿದೆ.