ನರವೈದ್ಯವಿದುಷಿ ಆಗುಸ್ತಾ ದೆಜೆರಿನ್-ಕ್ಲುಂಪ್ಕೆ

ವೈದ್ಯಶಾಸ್ತ್ರದ ಅಂಗಗಳಲ್ಲಿ ನರಮಂಡಲವನ್ನು ಕುರಿತ ಭಾಗವು ಅತ್ಯಂತ ದುರವಗಾಹವಾದುದು. ಕೈಯಲ್ಲಿ ತೋರಿದ ವ್ಯಾಧಿಗೆ ಮೂಲವು ಕುತ್ತಿಗೆಯಲ್ಲಿರಬಹುದು. ಕಾಲಿನ ಬಲಹೀನತೆಗೆ ಕಾರಣವು ಮಿದುಳಿನಲ್ಲಿರಬಹುದು. ಸ್ತ್ರೀಯರಿಗೆ ಆಸ್ಪತ್ರೆಯ ಅಧಿಕಾರಸ್ಥಾನಗಳೇ ನಿಷಿದ್ಧವಾಗಿದ್ದ ಕಾಲದಲ್ಲಿ ಈ ಗಹನಶಾಸ್ತ್ರವನ್ನು ಪ್ರವೇಶಿಸಿ, ಅದರಲ್ಲಿ ತನ್ನ ಹೆಸರನ್ನು ಸ್ಥಿರವಾಗಿ ನಿಲ್ಲಿಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಆಗುಸ್ತಾ ಕ್ಲುಂಪ್ಕೆಯು ೧೮೫೯ನೆಯ ಇಸವಿ ಅಕ್ಟೋಬರ್ ೧೫ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದಳು. ಅಕ್ಕ ಆನಾ ಎಂಬವಳು ಶೈಶವದಲ್ಲಿ ಬಿದ್ದು ಕಾಲು ಊನವಾದುದರಿಂದ, ತಾಯಿಯು ಚಿಕಿತ್ಸೆಗಾಗಿ ಮಕ್ಕಳನ್ನು ಯೂರೋಪಿಗೆ ಕರೆದೊಯ್ದಳು. ಮುಂದೆ ಪತಿಯಿಂದ ಬೇರೆಯಾಗಿ ಅಲ್ಲಿಯೇ ನೆಲೆಸಿದಳು. ಈ ತಾಯಿಯ ಧೈರ್ಯವು ಸಾಮಾನ್ಯವಾದುದಲ್ಲ. ಆನಾ ಚಿತ್ರಕಾರ್ತಿಯಾದಳು, ಡೊರೋತಿಯಾ ಖಗೋಲಶಾಸ್ತ್ರಜ್ಞೆಯಾದಳು, ಜೂಲಿಯಾ ಪಿಟೀಲುವಾದನದಲ್ಲಿ ನಿಪುಣೆಯಾದಳು. ೧೮೭೫ರಲ್ಲಿ ಮದ್ಲೆನ್ ಬ್ರೆಸ್ ಎಂಬ ಫ್ರೆಂಚ್ ಮಹಿಳೆಯು ಪ್ಯಾರಿಸ್ಸಿನಲ್ಲಿ ವೈದ್ಯಪದವಿಯನ್ನು ಪಡೆದ ವಾರ್ತೆಯು ಸ್ವಿಟ್ಜರ್ಲೆಂಡಿನಲ್ಲಿದ್ದ ಈ ಕುಟುಂಬಕ್ಕೆ ಮುಟ್ಟಿತು. ೧೮೭೭ರಲ್ಲಿ ಅವರೆಲ್ಲರೂ ಪ್ಯಾರಿಸ್ಸಿಗೆ ಬಂದರು.

ವಿದ್ಯಾಶಾಲೆಯ ಬಾಗಿಲು ತೆರೆದಿದ್ದಿತು. ಆಸ್ಪತ್ರೆಯದು ಪೂರ್ಣವಾಗಿ ತೆರೆದಿರಲಿಲ್ಲ. ಅಲ್ಲಿ ಶಿಷ್ಯವೈದ್ಯರಿಗೆ ಎರಡು ಮೆಟ್ಟಿಲುಗಳು. ಮೊದಲನೆಯದು ‘ಎಕ್ಸ್ಟರ್ನ್’ ಎಂಬುದು. ಎರಡನೆಯದು, ಕಠಿನಪರೀಕ್ಷೆಯಿಂದ ಮಾತ್ರ ದೊರೆಯತಕ್ಕ ‘ಇಂಟರ್ನ್’ ಎಂಬುದು. ಉನ್ನತಸ್ಥಾನಗಳಿಗೆ ಹೋಗುವ ದಾರಿ ಈ ಎರಡನೆಯದರ ಮೂಲಕವೇ ಇದ್ದಿತು. ೧೮೮೨ರಲ್ಲಿ ಮೊದಲನೆಯ ಮೆಟ್ಟಿಲು ಸ್ತ್ರೀಯರಿಗೆ ದೊರೆಯಿತು. ಆದರೆ ಎರಡನೆಯದನ್ನು ಕೇಳಕೂಡದೆಂಬ ಕಟ್ಟಳೆಯೊಡನೆ! ಆಗುಸ್ತಾ ಮತ್ತು ಅವಳ ಸಹಪಾಠಿನಿ ಬ್ಲಾನ್ಷ್ ಎಡ್ವರ್ಡ್ಸ್ ಈ ಕಟ್ಟಳೆಯನ್ನು ಒಪ್ಪಲಿಲ್ಲ. ಸ್ತ್ರೀಯ ಶರೀರವು ಇಂತಹ ಶ್ರಮವನ್ನು ತಾಳದೆಂದು ಹಿರಿಯ ವೈದ್ಯರನೇಕರು ವಾದಿಸಿದರು. ಅವೇ ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲ ನಿಂತು ಶುಶ್ರೂಷೆ ಮಾಡುತ್ತಿದ್ದ ದಾದಿಯರ ಶರೀರವನ್ನು ಕುರಿತು ಅವರಿಗೆ ಈ ಮರುಕವು ಹುಟ್ಟಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಇರಲಾರೆವು. ಕಡೆಗೆ ೧೮೮೫ನೆಯ ಇಸವಿ ಜುಲೈ ೩೧ರ ಆಜ್ಞೆಯಿಂದ ಪರೀಕ್ಷೆಯು ಸ್ತ್ರೀಯರಿಗೆ ಮುಕ್ತವಾಯಿತು. ೧೮೮೬ರಲ್ಲಿ ಆಗುಸ್ತಾ ತೇರ್ಗಡೆಯಾಗಿ, ಪ್ಯಾರಿಸ್ ಆಸ್ಪತ್ರೆಗಳ ಪ್ರಥಮ ಮಹಿಳಾ ಇಂಟರ್ನ್ ಎನಿಸಿದಳು.

ಈ ಕೋಲಾಹಲದ ನಡುವೆಯೇ ಅವಳ ಮುಖ್ಯಶೋಧನೆಯು ಪ್ರಕಟವಾಯಿತೆಂಬುದು ಆಶ್ಚರ್ಯಕರವಾದ ಸಂಗತಿ. ಬೆನ್ನುಹುರಿಯಿಂದ ಹೊರಟ ಐದು ನರಮೂಲಗಳು ಕುತ್ತಿಗೆಯ ಬುಡದಲ್ಲಿ ಹೆಣೆದುಕೊಂಡು ತೋಳಿಗೆ ಇಳಿಯುತ್ತವೆ. ಮೇಲಣ ಮೂಲಗಳು ಕೆಟ್ಟರೆ ಭುಜವೂ ಮೇಲ್ದೋಳೂ ಸ್ವಾಧೀನ ತಪ್ಪುವುವೆಂದು ಪೂರ್ವಿಕ ಪಂಡಿತರು ತಿಳಿದಿದ್ದರು. ಕೆಳಗಣ ಎರಡು ಮೂಲಗಳು ಕೆಟ್ಟಾಗ ಅಂಗೈಯ ಸಣ್ಣ ಸ್ನಾಯುಗಳು ಕೃಶವಾಗುವುದಲ್ಲದೆ, ಅದೇ ಪಾರ್ಶ್ವದ ಕಣ್ಣಿನ ಪಾಪೆಯೂ ಕಿರಿದಾಗುವುದುಂಟು. ಕೈಗೂ ಕಣ್ಣಿಗೂ ಏನು ಸಂಬಂಧ? ಕಣ್ಣಪಾಪೆಯನ್ನು ಹಿಗ್ಗಿಸುವ ಸೂಕ್ಷ್ಮತಂತುಗಳು ಎದೆಭಾಗದ ಪ್ರಥಮ ನರಮೂಲದ ಜೊತೆಯಲ್ಲಿಯೇ ಬೆನ್ನುಹುರಿಯಿಂದ ಹೊರಬೀಳುತ್ತವೆಂಬುದನ್ನು ಆಗುಸ್ತಾ ರೋಗಿಗಳ ಪರೀಕ್ಷೆಯಿಂದಲೂ ಪ್ರಯೋಗಗಳಿಂದಲೂ ೧೮೮೫ರಲ್ಲಿ ಸ್ಥಾಪಿಸಿದಳು. ಆದುದರಿಂದ ವೈದ್ಯನು ಕಣ್ಣನ್ನು ನೋಡಿ, ಕೈಯ ನರವು ಎಲ್ಲಿ ಹರಿದಿದೆಯೆಂಬುದನ್ನು ಊಹಿಸಬಲ್ಲನು. ಮರದಿಂದ ಬೀಳುವಾಗ ಕೊಂಬೆಯನ್ನು ಹಿಡಿದು ಜೋತವನಿಗೂ, ಪ್ರಸವದಲ್ಲಿ ತೋಳು ಸೆಳೆಯಲ್ಪಟ್ಟ ಶಿಶುವಿಗೂ ಈ ವ್ಯಾಧಿಯು ಬರಬಹುದು. ಮರುವರ್ಷ ವೈದ್ಯಪರಿಷತ್ತು ಈ ಪ್ರಬಂಧಕ್ಕೆ ಗೊದಾರ್ ಪಾರಿತೋಷಕವನ್ನಿತ್ತಿತು. ವೈದ್ಯಗ್ರಂಥಗಳು ಈ ವ್ಯಾಧಿಯನ್ನು ಇಂದಿಗೂ ‘ಕ್ಲುಂಪ್ಕೆ’ ಎಂಬ ಅವಳ ತೌರುಮನೆಯ ಹೆಸರಿನಿಂದಲೇ ಕರೆಯುತ್ತವೆ.

೧೮೮೮ರಲ್ಲಿ ಅವಳು ನರವೈದ್ಯನಾದ ಜೂಲ್ ದೆಜೆರಿನ್ ಪಂಡಿತನನ್ನು ವರಿಸಿದಳು. ಮಿದುಳನ್ನು ಅತಿ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣವೇರಿಸಿ, ಒಂದೊಂದು ತಂತುವಿನ ಮಾರ್ಗವನ್ನೂ ಪದರದಿಂದ ಪದರಕ್ಕೆ ಅನುಸರಿಸುವ ಸಾಹಸವು ದಂಪತಿಗಳಿಬ್ಬರದು. ಇದರ ಫಲವಾಗಿ ನರಕೇಂದ್ರಗಳ ರಚನೆಯನ್ನು ವಿವರಿಸುವ ಮಹಾಗ್ರಂಥದ ಸಂಪುಟಗಳು ೧೮೯೫ರಲ್ಲಿಯೂ ೧೯೦೧ರಲ್ಲಿಯೂ ಹೊರಬಿದ್ದುವು. ಮುಖಪತ್ರದಲ್ಲಿ ಕರ್ತೃವೆಂದು ಪತಿಯ ಹೆಸರೂ, ‘ಸಹಕಾರದೊಡನೆ’ ಎಂದು ಪತ್ನಿಯ ಹೆಸರೂ ಇವೆ. ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತವಳಿಗೆ ‘ಸಹಕಾರ’ವೆಂಬ ಮಾತು ಕಡಮೆಯಾಯಿತೆಂದೇ ನಮ್ಮ ಅಭಿಪ್ರಾಯ.

೧೯೧೪ರಲ್ಲಿ ಪ್ಯಾರಿಸ್ಸಿನ ನರವೈದ್ಯ ಸಂಘವು ಅವಳನ್ನು ಅಧ್ಯಕ್ಷೆಯನ್ನಾಗಿ ಆರಿಸಿತು. ಆ ಪೀಠವನ್ನೇರಿದ ಸ್ತ್ರೀಯರಲ್ಲಿ ಅವಳೇ ಮೊದಲನೆಯವಳು. ಅದೇ ವರ್ಷ ಮಹಾಯುದ್ಧವು ಆರಂಭವಾಯಿತು. ಬೆನ್ನುಹುರಿಗೆ ಗುಂಡು ತಗುಲಿ ಸೊಂಟದಿಂದ ಕೆಳಕ್ಕೆ ಚೇತನವಿಲ್ಲದ ಸೈನಿಕರು ಆಸ್ಪತ್ರೆಗಳಿಗೆ ಬಂದು ಬೀಳುತ್ತಿದ್ದರು. ೧೯೧೭ರಲ್ಲಿ ಪತಿಯು ತೀರಿಕೊಂಡನು. ಅವಳು ಕೆಲಸವನ್ನು ಬಿಡಲಿಲ್ಲ. ಇಂತಹ ಸೈನಿಕರ ಕೀಲುಗಳ ಸುತ್ತಲೂ, ಎಲುಬು ಇರಬಾರದ ಮಾಂಸಭಾಗದಲ್ಲಿ ಹೊಸ ಎಲುಬು ಬೆಳೆಯುವುದನ್ನು ಗಮನಿಸಿ, ಸಿಲಿಯೆ ಎಂಬ ವೈದ್ಯನೊಡಗೂಡಿ ೧೯೧೮ರಲ್ಲಿ ಅದನ್ನು ವರ್ಣಿಸಿದಳು. ಮಲಗಿದ ಕಡೆಯಿಂದ ಏಳಲಾರದವರ ಪಕ್ಕದಲ್ಲಿ ಇಷ್ಟು ತಾಳ್ಮೆಯಿಂದ ಕುಳಿತು ನೋಡಿದವರು ಆಗ ವಿರಳ. ಮಗಳಾದ ಇವೊನ್ ಕೂಡ ಅದೇ ಶಾಸ್ತ್ರವನ್ನು ಕಲಿತು ತಾಯಿಗೆ ನೆರವಾದಳು. ೧೯೨೭ನೆಯ ಇಸವಿ ನವೆಂಬರ್ ೫ರಂದು ಆಗುಸ್ತಾ ಪ್ಯಾರಿಸ್ಸಿನಲ್ಲಿ ಕಾಲವಾದಳು.